ತೊಗರಿಯ ಪ್ರಶ್ನೆಯೊಂದು ರಾಜ್ಯಸಭೆ ಮುಟ್ಟಿದ ಬಗೆ

ಕಲಬುರಗಿಯ ಸಗಟು ಮಾರುಕಟ್ಟೆಯಾದ ಗಂಜಿನಲ್ಲಿ ತೊಗರಿ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗಲೆಲ್ಲ ಮನವಿ ಪತ್ರಗಳು ಹೊರಡುತ್ತವೆ. ಡಿಸಿ ಕಚೇರಿಗೊಂದು, ಉಸ್ತುವಾರಿ ಸಚಿವರಿಗೊಂದು, ದಿಲ್ಲಿಗೊಂದು. ಸ್ವೀಕೃತಿಯ ಮುದ್ರೆ ಬೀಳುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಅಲ್ಲಿಗೆ ಮುಗಿಯಿತು. ಈ ಸಲ ನಾವು ಕೆಲವು ಬೆಳೆಗಾರರು ಸೇರಿ ಮನವಿ ಬಿಟ್ಟು ಪ್ರಶ್ನೆಯ ದಾರಿ ಹಿಡಿದೆವು. ರಾಜ್ಯಸಭೆಯ ಸ್ವತಂತ್ರ ಸದಸ್ಯರೊಬ್ಬರಿಂದ ಪ್ರಶ್ನೆ ಹಾಕಿಸಿ ಕೇಂದ್ರ ಸರ್ಕಾರದ ಲಿಖಿತ ಉತ್ತರ ತರಿಸಿಕೊಂಡಿದ್ದೇವೆ. ಆಳಂದ, ಚಿಂಚೋಳಿ, ಭಾಲ್ಕಿ, ಶಹಾಪುರ ಕಡೆಯ ಗೆಳೆಯರು ಈಗ ಇದನ್ನೇ ಕೇಳುತ್ತಿರುವುದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲು, ಸ್ವತಂತ್ರ ಸದಸ್ಯರೇ ಯಾಕೆ ಎನ್ನುವುದು. ಪಕ್ಷದ ಸಂಸದರು ಕೇಳಬಾರದು ಎಂದಲ್ಲ, ಕೇಳುತ್ತಾರೆ. ಆದರೆ ಆಮದು ಸುಂಕದಂಥ ವಿಷಯ ಬಂದಾಗ ಆಳುವ ಪಕ್ಷದವರಿಗೆ ಮುಜುಗರ, ವಿರೋಧ ಪಕ್ಷದವರಿಗೆ ಅದು ಭಾಷಣದ ಸರಕು. ನಮಗೆ ಬೇಕಾಗಿದ್ದು ಭಾಷಣವಲ್ಲ, ಅಂಕಿ ಮತ್ತು ದಿನಾಂಕ. ಸ್ವತಂತ್ರರಿಗೆ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಕಡ್ಡಾಯ ಆದೇಶ) ಇಲ್ಲ, ಯಾವ ಪ್ರಶ್ನೆ ಹಾಕಬೇಕೆಂದು ಮೇಲಿನಿಂದ ಹೇಳುವವರೂ ಇಲ್ಲ. ಆರಿಸಿ ಬಂದ ಮೇಲೆ ಅವರು ಪಕ್ಷವೊಂದನ್ನು ಸೇರಿದರೆ ಪಕ್ಷಾಂತರ ತಡೆಯುವ ಸಂವಿಧಾನದ 10ನೇ ಅನುಸೂಚಿಯ ಪ್ರಕಾರ ಸದಸ್ಯತ್ವವೇ ಹೋಗುತ್ತದೆ.

ಆದರೆ ಅವರ ಬಲ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಸರಿಯಾಗಿ ತಿಳಿದುಕೊಂಡೇ ಹೋಗಬೇಕು. ಮಸೂದೆಯ ಮೇಲಿನ ಚರ್ಚೆಯಲ್ಲಿ ಸಮಯ ಹಂಚುವುದು ಪಕ್ಷಗಳ ಸಂಖ್ಯಾಬಲದ ಮೇಲೆ. ಸ್ವತಂತ್ರರನ್ನು ‘ಇತರರು’ ಎಂಬ ಗುಂಪಿಗೆ ಸೇರಿಸಿರುತ್ತಾರೆ, ಸರದಿ ಬರುವುದು ಕೊನೆಗೆ, ಸಿಗುವುದು ಕೆಲವೇ ನಿಮಿಷ. ‘ಸಾಹೇಬ್ರು ನಮ್ಮ ತೊಗರಿ ಬಗ್ಗೆ ಅರ್ಧ ತಾಸು ಮಾತಾಡ್ಲಿ’ ಎಂದು ಹೋದರೆ ನಿರಾಶೆ ಖಂಡಿತ. ಪ್ರಶ್ನೆಯ ವಿಷಯ ಹಾಗಲ್ಲ. ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ನೂರು ಜನರ ಪಕ್ಷದವರಿಗೂ ಒಂಟಿ ಸದಸ್ಯರಿಗೂ ಅಲ್ಲಿ ಒಂದೇ ಅವಕಾಶ. ನಾವು ಈ ದಾರಿ ಆರಿಸಿಕೊಂಡದ್ದೇ ಇದೊಂದು ಕಾರಣಕ್ಕೆ.

ರಾಜ್ಯಸಭೆಯ 245 ಸ್ಥಾನಗಳಲ್ಲಿ 12 ನಾಮನಿರ್ದೇಶಿತ, ಉಳಿದವರನ್ನು ಶಾಸಕರು ಆರಿಸುತ್ತಾರೆ. ಕರ್ನಾಟಕದ ಪಾಲು 12. ನಮ್ಮ ರಾಜ್ಯದಿಂದ ಸ್ವತಂತ್ರರು ಹೋದದ್ದುಂಟು: ವಿಜಯ್ ಮಲ್ಯ 2002 ಮತ್ತು 2010ರಲ್ಲಿ, ರಾಜೀವ್ ಚಂದ್ರಶೇಖರ್ 2006 ಮತ್ತು 2012ರಲ್ಲಿ. ನಮಗೆ ಒಪ್ಪಿದವರು ಬೇರೆ ರಾಜ್ಯದಿಂದ ಬಂದವರು. ಅದಕ್ಕೆ ಅಡ್ಡಿಯೇನಿಲ್ಲ, ಪ್ರಶ್ನೆ ಕೇಳಲು ರಾಜ್ಯದ ಗಡಿ ಇಲ್ಲ. ಆದರೆ ಅವರ ಅನುದಾನದಲ್ಲಿ ನಮ್ಮೂರಿಗೆ ಸಮುದಾಯ ಭವನ ಕೇಳುವ ಆಸೆ ಇಟ್ಟುಕೊಳ್ಳಬೇಡಿ. ರಾಜ್ಯಸಭಾ ಸದಸ್ಯರ ವರ್ಷಕ್ಕೆ 5 ಕೋಟಿಯ ಸ್ಥಳೀಯಾಭಿವೃದ್ಧಿ ನಿಧಿ ಬಹುಮಟ್ಟಿಗೆ ಅವರನ್ನು ಆರಿಸಿದ ರಾಜ್ಯಕ್ಕೇ ಹೋಗುತ್ತದೆ. ಎರಡೂ ಕೇಳಿದರೆ ಒಂದೂ ಆಗುವುದಿಲ್ಲ.

ಸದಸ್ಯರ ವಿಳಾಸ, ಕಚೇರಿ ಇಮೇಲ್ ರಾಜ್ಯಸಭೆಯ ಜಾಲತಾಣದಲ್ಲೇ ಇದೆ. ದಿಲ್ಲಿಗೆ ಹೋಗುವ ಅಗತ್ಯವಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಮನೆಯ ಗೇಟಿನ ಮುಂದೆ ನಿಲ್ಲುವುದಕ್ಕಿಂತ ಒಂದು ಪುಟದ ಇಮೇಲ್ ಲೇಸು. ಪಕ್ಷದ ಸಂಸದರಿಗೆ ಪಕ್ಷದ ಕಚೇರಿ, ಸಂಶೋಧನಾ ತಂಡ ಇರುತ್ತದೆ. ಸ್ವತಂತ್ರರಿಗೆ ಇರುವುದು ಒಬ್ಬಿಬ್ಬರು ಸಹಾಯಕರು, ಕೆಲವೊಮ್ಮೆ ಸಂಸದರಿಗೆ ಸಂಶೋಧನೆಯಲ್ಲಿ ನೆರವಾಗಲು ಪಿಆರ್‌ಎಸ್ ಎಂಬ ಅಧ್ಯಯನ ಸಂಸ್ಥೆ ಕಳಿಸುವ ಯುವ ಸಹಾಯಕ, ಅಂದರೆ ಲ್ಯಾಂಪ್ ಫೆಲೋ ಒಬ್ಬರು. ನಿಜವಾಗಿ ನಿಮ್ಮ ಕಾಗದ ಓದುವವರು ಅವರೇ. ಅವರ ಕೆಲಸ ಹಗುರಾಗುವ ಹಾಗೆ ಕಳಿಸಿದರೆ ನಿಮ್ಮ ಪ್ರಶ್ನೆ ಮುಂದೆ ಹೋಗುತ್ತದೆ.

ಹಗುರ ಮಾಡುವುದೆಂದರೆ ದಾಖಲೆ ಜೋಡಿಸಿ ಕೊಡುವುದು. ನಾವು ಕಳಿಸಿದ್ದು ಇಷ್ಟು. ಡಿಸೆಂಬರ್‌ನಿಂದ ಮಾರ್ಚ್ ತನಕ ಕಲಬುರಗಿ ಎಪಿಎಂಸಿಯ ತೊಗರಿ ದರ, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ ದರ) ಮೂರೂ ಬೇರೆಬೇರೆಯಾಗಿ. ಕೇಂದ್ರ ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಇದು ಪುಕ್ಕಟೆ ಸಿಗುತ್ತದೆ. ದಲಾಲಿ ಅಂಗಡಿಯ ಪಟ್ಟಿಗಳ ನಕಲು, ರೈತರ ಹೆಸರು ಅಳಿಸಿ. ಬೆಂಬಲ ಬೆಲೆಯ ಆದೇಶಗಳು: 2023-24ಕ್ಕೆ ಕ್ವಿಂಟಲ್‌ಗೆ 7,000, 2024-25ಕ್ಕೆ 7,550, 2025-26ಕ್ಕೆ 8,000 ರೂಪಾಯಿ. 2025ರ ಆರಂಭದಲ್ಲಿ ರಾಜ್ಯ ಸರ್ಕಾರ 7,550ರ ಮೇಲೆ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿ 8,000 ಮಾಡಿದ ಆದೇಶ. ತೊಗರಿ ಆಮದನ್ನು 2021ರ ಮೇ 15ರಿಂದ ಮುಕ್ತಗೊಳಿಸಿದ ಅಧಿಸೂಚನೆ, ಸುಂಕರಹಿತ ಆಮದನ್ನು 2026ರ ಮಾರ್ಚ್ 31ರ ತನಕ ವಿಸ್ತರಿಸಿದ ಅಧಿಸೂಚನೆ. ಎಲ್ಲಕ್ಕೂ ಮೇಲೆ ಒಂದೇ ಪುಟದ ಸಾರಾಂಶ.

ಕೆಲವು ಮಾಹಿತಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬೇಕಾಯಿತು. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ: ಕರ್ನಾಟಕದ ನಿಯಮದಂತೆ ಆರ್‌ಟಿಐ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ದರ, ಖರೀದಿ, ಹಣ ಪಾವತಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ವಾಪಸ್ ಬರುತ್ತದೆ. ಮೂರು ಅರ್ಜಿ ಮಾಡಿ. 30 ದಿನದ ಗಡುವು ಇರುವುದರಿಂದ ಅಧಿವೇಶನಕ್ಕೆ ಎರಡು ತಿಂಗಳು ಮೊದಲೇ ಹಾಕಿಡಬೇಕು. ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಓಡಾಡಿದರೆ ಕೈಗೆ ಏನೂ ಬರುವುದಿಲ್ಲ.

ಈಗ ಎಲ್ಲಕ್ಕಿಂತ ಕಗ್ಗಂಟಿನ ಭಾಗ: ಪ್ರಶ್ನೆ ಯಾವ ಸಚಿವರಿಗೆ? ತೊಗರಿ ಎಂದರೆ ಕೃಷಿ ಸಚಿವಾಲಯ ಎಂದು ಯಾರಾದರೂ ಹೇಳುತ್ತಾರೆ. ಆದರೆ ದಿಲ್ಲಿಯಲ್ಲಿ ಒಂದೇ ತೊಗರಿಗೆ ನಾಲ್ಕು ಮನೆ. ಬೆಂಬಲ ಬೆಲೆ, ಬೆಂಬಲ ಬೆಲೆ ಯೋಜನೆಯಡಿ ಖರೀದಿ, ಬೆಳೆ ವಿಮೆ ಇವು ಕೃಷಿ ಸಚಿವಾಲಯದವು. ಆಮದು ಮುಕ್ತವೋ ನಿರ್ಬಂಧಿತವೋ ಎಂಬ ನೀತಿ ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ್ದು. ಸುಂಕ ವಿನಾಯಿತಿಯ ಅಧಿಸೂಚನೆ ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯದ್ದು. ಬೇಳೆಯ ಚಿಲ್ಲರೆ ಬೆಲೆ, ಬಫರ್ ದಾಸ್ತಾನು, ವ್ಯಾಪಾರಿಗಳ ದಾಸ್ತಾನು ಮಿತಿ ಗ್ರಾಹಕ ವ್ಯವಹಾರಗಳ ಇಲಾಖೆಯದ್ದು. ಒಂದೇ ಪ್ರಶ್ನೆಯಲ್ಲಿ ಆಮದನ್ನೂ ಖರೀದಿಯನ್ನೂ ಬೆರೆಸಿದರೆ ಅದು ಒಂದು ಸಚಿವಾಲಯದಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಒಂದೊಂದು ಗುಂಪು ಕೊಟ್ಟಿರುತ್ತಾರೆ. ವರ್ಗವಾದ ಪ್ರಶ್ನೆಗೆ ಉತ್ತರದ ದಿನವೂ ಬದಲು, ಸರದಿಯೂ ಬದಲು. ಆದ್ದರಿಂದ ನಮ್ಮ ಒಂದು ದೂರನ್ನು ಎರಡು ಪ್ರಶ್ನೆಯಾಗಿ ಸೀಳಿದೆವು, ಖರೀದಿಗೊಂದು, ಆಮದಿಗೊಂದು.

ಮಾತಿನ ಧಾಟಿಯೂ ಅಷ್ಟೇ ಮುಖ್ಯ. ನಮ್ಮವರು ಸಿಟ್ಟಿನಲ್ಲಿ ಬರೆದ ಮೊದಲ ಕರಡು ಹೀಗಿತ್ತು: ‘ವಿದೇಶಿ ತೊಗರಿಯನ್ನು ಸುಂಕವಿಲ್ಲದೆ ತರಿಸಿ ಕಲಬುರಗಿಯ ರೈತರನ್ನು ಬೀದಿಪಾಲು ಮಾಡುತ್ತಿರುವುದು ಸರ್ಕಾರಕ್ಕೆ ಗೊತ್ತಿದೆಯೇ? ಹೀಗೇ ಮುಂದುವರಿದರೆ ರೈತರು ತೊಗರಿ ಬಿತ್ತುವುದನ್ನೇ ಬಿಡುವುದಿಲ್ಲವೇ?’ ಓದಲು ಖಡಕ್ಕಾಗಿದೆ, ಆದರೆ ರಾಜ್ಯಸಭೆಯ ನಿಯಮ 47ರ ಮುಂದೆ ಒಂದು ಸಾಲೂ ನಿಲ್ಲುವುದಿಲ್ಲ. ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು. ಊಹೆಯ ಪ್ರಶ್ನೆ ಕೇಳಬಾರದು, ಅಭಿಪ್ರಾಯ ಕೇಳಬಾರದು. ಒಂದೇ ವಿಷಯಕ್ಕೆ ನಿಲ್ಲಬೇಕು. ಕೋರ್ಟಿನಲ್ಲಿರುವ ವಿಷಯ ಬೇಡ, ಆಗಲೇ ಉತ್ತರ ಬಂದಿರುವುದನ್ನು ಮತ್ತೆ ಕೇಳುವುದೂ ಬೇಡ. ಮುಖ್ಯವಾಗಿ ಅದು ಕೇಂದ್ರ ಸರ್ಕಾರದ ಹೊಣೆಯ ವಿಷಯವಾಗಿರಬೇಕು. ಕೃಷಿ ರಾಜ್ಯಪಟ್ಟಿಯಲ್ಲಿದೆ. ತೊಗರಿ ಗಿಡ ಒಣಗಿಸುವ ನೆಟೆ ರೋಗಕ್ಕೆ ಪರಿಹಾರ ಎಷ್ಟು ಎಂದು ಸುಮ್ಮನೆ ಕೇಳಿದರೆ ‘ರಾಜ್ಯದ ವಿಷಯ’ ಎಂದು ಕೈತೊಳೆದುಕೊಳ್ಳಲು ದಾರಿ ಸಿಗುತ್ತದೆ. ಅದನ್ನೇ ಕೇಂದ್ರದ ಬೆಳೆ ವಿಮೆಯಾದ ಫಸಲ್ ಬಿಮಾ ಯೋಜನೆಯ ಕ್ಲೇಮು ಎಂದು ಕೇಳಿದರೆ ಕೇಂದ್ರ ತಪ್ಪಿಸಿಕೊಳ್ಳಲಾರದು.

ಕೊನೆಗೆ ಹೋದ ಖರೀದಿಯ ಪ್ರಶ್ನೆಯ ಒಕ್ಕಣೆ ಇದು. ‘ಕೃಷಿ ಮತ್ತು ರೈತರ ಕಲ್ಯಾಣ ಸಚಿವರು ದಯವಿಟ್ಟು ತಿಳಿಸುವರೇ: (ಎ) ಕಳೆದ ಮೂರು ವರ್ಷಗಳಲ್ಲಿ ಬೆಂಬಲ ಬೆಲೆ ಯೋಜನೆಯಡಿ ಕರ್ನಾಟಕಕ್ಕೆ ಮಂಜೂರಾದ ತೊಗರಿ ಖರೀದಿ ಪ್ರಮಾಣ ಹಾಗೂ ವಾಸ್ತವವಾಗಿ ಖರೀದಿಯಾದ ಪ್ರಮಾಣ, ವರ್ಷವಾರು, (ಬಿ) ರಾಜ್ಯದ ಪ್ರಸ್ತಾವ ತಲುಪಿದ, ಮಂಜೂರಾತಿ ನೀಡಿದ ಮತ್ತು ಖರೀದಿ ಆರಂಭವಾದ ದಿನಾಂಕಗಳು, ವರ್ಷವಾರು, (ಸಿ) ಖರೀದಿಯ ನಂತರ ರೈತರ ಖಾತೆಗೆ ಹಣ ಜಮೆಯಾಗಲು ಹಿಡಿದ ಸರಾಸರಿ ದಿನಗಳು, ಮತ್ತು (ಡಿ) ಮಂಜೂರಾದುದಕ್ಕಿಂತ ಖರೀದಿ ಕಡಿಮೆಯಿದ್ದಲ್ಲಿ ಅದಕ್ಕೆ ಕಾರಣಗಳು?’

ಇದರಲ್ಲಿ ಸಿಟ್ಟಿಲ್ಲ, ಆದರೆ ಗುದ್ದು (ಬಿ) ಭಾಗದಲ್ಲಿದೆ. ನಮ್ಮಲ್ಲಿ ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ. ಸಾಲದ ಕಂತು, ಮನೆಯ ಮದುವೆ ಎಲ್ಲ ಆಗಲೇ. ಖರೀದಿ ಕೇಂದ್ರ ತಡವಾಗಿ ತೆರೆದರೆ ಸಣ್ಣ ರೈತರ ಮಾಲು ಅಷ್ಟರಲ್ಲಿ ಗಂಜಿಗೆ ಹೋಗಿ ಆಗಿರುತ್ತದೆ. ಕೇಂದ್ರ ಸರ್ಕಾರವೂ ರಾಜ್ಯವೂ ತಡದ ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಮೂರು ದಿನಾಂಕಗಳು ಸಾಲಾಗಿ ಕೂತರೆ ತಡ ಯಾರಲ್ಲಾಯಿತು ಎಂದು ಯಾರೂ ವಿವರಿಸಬೇಕಿಲ್ಲ. ಇನ್ನೊಂದು ಮಾತು: ಜಿಲ್ಲಾವಾರು ಅಂಕಿ ಕೇಳಬೇಡಿ. ಜಿಲ್ಲೆಯ ಲೆಕ್ಕ ರಾಜ್ಯದ ಬಳಿ ಇರುತ್ತದೆ ಎಂಬ ಉತ್ತರ ಬಂದು ಒಂದು ಭಾಗ ವ್ಯರ್ಥವಾಗುತ್ತದೆ. ರಾಜ್ಯವಾರು, ವರ್ಷವಾರು ಎಂದೇ ಕೇಳಿ.

ಪ್ರಶ್ನೆ ಕೇಳುತ್ತೇನೆಂದು ಸದಸ್ಯರು ರಾಜ್ಯಸಭೆಗೆ ಕೊಡುವ ನೋಟಿಸ್ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಹೋಗಬೇಕು. ಅನುವಾದ ನಮ್ಮಲ್ಲೇ ಒಬ್ಬರು ಮಾಡಿದರು, ಸದಸ್ಯರ ಸಹಾಯಕರು ತಿದ್ದಿದರು. ಕನ್ನಡದ ‘ಮಾಲು’, ‘ರಾಶಿ’ ಅಲ್ಲಿಗೆ ಅರ್ಥವಾಗದು, ಯೋಜನೆಯ ಅಧಿಕೃತ ಹೆಸರನ್ನೇ ಬಳಸಬೇಕು.

ದಿನದ ಲೆಕ್ಕದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಉತ್ತರದ ದಿನಕ್ಕೆ ಮೊದಲು 15 ಪೂರ್ಣ ದಿನ ಇರಬೇಕು, ನೋಟಿಸ್ ಕೊಟ್ಟ ದಿನವನ್ನೂ ಉತ್ತರದ ದಿನವನ್ನೂ ಬಿಟ್ಟು. 28ನೇ ತಾರೀಕಿಗೆ ಉತ್ತರ ಬೇಕಾದರೆ 12ರೊಳಗೆ ನೋಟಿಸ್ ಹೋಗಿರಬೇಕು. ಅಧಿವೇಶನದ ಕರೆಯೋಲೆ ಹೊರಟ ಮೇಲೆ ಯಾವ ಸಚಿವಾಲಯಕ್ಕೆ ಯಾವ ದಿನ, ನೋಟಿಸ್‌ಗೆ ಕಡೆಯ ದಿನ ಯಾವುದು ಎಂಬ ಪಟ್ಟಿ ಪ್ರಕಟವಾಗುತ್ತದೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಒಬ್ಬ ಸದಸ್ಯರು ಒಂದು ದಿನದ ಉತ್ತರಕ್ಕೆ ಹೆಚ್ಚೆಂದರೆ 7 ನೋಟಿಸ್ ಕೊಡಬಹುದು, ಚುಕ್ಕೆ ಗುರುತಿನವೂ ಇಲ್ಲದವೂ ಸೇರಿ. ಆ ಏಳರಲ್ಲಿ ಒಂದು ನಮ್ಮದಾಗಬೇಕು. ಅವರ ರಾಜ್ಯದವರೂ ಸಾಲಿನಲ್ಲಿ ನಿಂತಿರುತ್ತಾರೆ. ಸ್ವತಂತ್ರರ ಬಳಿ ಹೋಗುವವರು ಕಡಿಮೆ ಎಂದು ನಾವು ಅಂದುಕೊಂಡಿದ್ದೆವು, ಹಾಗೇನಿಲ್ಲ. ಪಕ್ಷದವರು ‘ನೋಡೋಣ’ ಎಂದು ಕಳಿಸಿದವರೆಲ್ಲ ಅಲ್ಲಿಗೇ ಬರುತ್ತಾರೆ. ನಮ್ಮ ಆಮದಿನ ಪ್ರಶ್ನೆ ಈ ನೂಕುನುಗ್ಗಲಿನಲ್ಲೇ ಉಳಿದುಹೋಯಿತು. ಖರೀದಿಯದ್ದು ಮಾತ್ರ ಹೋಯಿತು.

ಅದಕ್ಕೆ ಚುಕ್ಕೆ ಹಾಕಿಸಿದ್ದೆವು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದುನಿಂತು ಉತ್ತರಿಸುತ್ತಾರೆ, ಕೇಳಿದ ಸದಸ್ಯರು ಮೇಲೆ ಎರಡು ಉಪಪ್ರಶ್ನೆ ಕೇಳಬಹುದು. ದಿನಕ್ಕೆ ಇಂಥವು 15 ಮಾತ್ರ, ಚುಕ್ಕೆ ಇಲ್ಲದವು 160. ಚೀಟಿಯಲ್ಲಿ ನಮ್ಮದು ಹದಿನೈದರೊಳಗೆ ಬರಲಿಲ್ಲ, ಚುಕ್ಕೆ ಉದುರಿ ಲಿಖಿತ ಉತ್ತರದ ಪಟ್ಟಿಗೆ ಇಳಿಯಿತು. ನಮ್ಮವರಿಗೆ ಬೇಜಾರಾಯಿತು, ಟಿವಿಯಲ್ಲಿ ಕಾಣುವುದಿಲ್ಲವಲ್ಲ ಎಂದು. ನನ್ನನ್ನು ಕೇಳಿದರೆ ಅಂಕಿ ಬೇಕಾದವರಿಗೆ ಲಿಖಿತ ಉತ್ತರವೇ ವಾಸಿ. ಮಧ್ಯಾಹ್ನ 12ರಿಂದ 1ರ ಪ್ರಶ್ನೋತ್ತರ ವೇಳೆಯಲ್ಲಿ ಹದಿನೈದೂ ಮುಗಿಯುವುದು ಅಪರೂಪ. ಗದ್ದಲವಾದರೆ ಒಂದೂ ಆಗುವುದಿಲ್ಲ. ಲಿಖಿತ ಉತ್ತರ ಗದ್ದಲದ ದಿನವೂ ಸದನದಲ್ಲಿ ಮಂಡನೆಯಾಗುತ್ತದೆ.

ಹೆದರಬೇಕಾದದ್ದು ಬೇರೆಯದಕ್ಕೆ. ಅಧಿವೇಶನವನ್ನು ನಿಗದಿಗಿಂತ ಮೊದಲೇ ಅನಿರ್ದಿಷ್ಟಾವಧಿಗೆ ಮುಂದೂಡಿದರೆ ನಂತರದ ದಿನಗಳ ಪ್ರಶ್ನೆಗಳು ಬಿದ್ದುಹೋಗುತ್ತವೆ, ಮುಂದಿನ ಅಧಿವೇಶನಕ್ಕೆ ತಾವಾಗಿಯೇ ಬರುವುದಿಲ್ಲ. ಹೊಸದಾಗಿ ನೋಟಿಸ್ ಕೊಡಬೇಕು. ಹಾಗಾಗಿ ಕೊನೆಯ ವಾರದ ದಿನ ಆರಿಸಿಕೊಳ್ಳಬೇಡಿ. ಕಾಯುವ ದಿನಗಳಲ್ಲಿ ಸಹಾಯಕರಿಗೆ ದಿನಾ ಫೋನ್ ಮಾಡುವುದರಿಂದಲೂ ಪ್ರಯೋಜನವಿಲ್ಲ. ಪ್ರಶ್ನೆ ಸ್ವೀಕಾರವಾದರೆ ಆ ದಿನದ ಮುದ್ರಿತ ಪಟ್ಟಿಯಲ್ಲಿ ಸಂಖ್ಯೆ ಸಮೇತ ಕಾಣುತ್ತದೆ, ಜಾಲತಾಣದಲ್ಲಿ ಎಲ್ಲರೂ ನೋಡಬಹುದು.

ಉತ್ತರದ ದಿನ ಮಧ್ಯಾಹ್ನದ ಹೊತ್ತಿಗೆ ಪಿಡಿಎಫ್ ಸಿಕ್ಕಿತು. ಅದನ್ನು ಓದುವುದೂ ಒಂದು ವಿದ್ಯೆ. ಮೇಲೆ ‘(ಎ)ಯಿಂದ (ಡಿ)’ ಎಂದು ನಾಲ್ಕನ್ನೂ ಒಟ್ಟುಗೂಡಿಸಿ ಯೋಜನೆಯ ವರ್ಣನೆ ಇರುತ್ತದೆ: ರಾಜ್ಯದ ಕೋರಿಕೆಯ ಮೇಲೆ ಮಂಜೂರಾತಿ, ನಾಫೆಡ್ ಮತ್ತು ಎನ್‌ಸಿಸಿಎಫ್ ಎಂಬ ರಾಷ್ಟ್ರಮಟ್ಟದ ಸಹಕಾರಿ ಸಂಸ್ಥೆಗಳ ಮೂಲಕ ಖರೀದಿ ಇತ್ಯಾದಿ. ಅದನ್ನು ದಾಟಿ ಕಡೆಯ ಪುಟದ ಅನುಬಂಧಕ್ಕೆ ಹೋಗಿ. ಕೋಷ್ಟಕ ಅಲ್ಲಿರುತ್ತದೆ. ನಮಗೆ (ಎ) ಪೂರ್ತಿ ಸಿಕ್ಕಿತು. (ಬಿ)ಯಲ್ಲಿ ಮಂಜೂರಾತಿಯ ದಿನಾಂಕವಿತ್ತು, ಪ್ರಸ್ತಾವ ತಲುಪಿದ ದಿನಾಂಕ ಇರಲಿಲ್ಲ. (ಡಿ)ಗೆ ಮಾರುಕಟ್ಟೆ ದರ ಏರಿದ್ದೇ ಕಾರಣ ಎಂಬ ಒಂದು ಸಾಲು. (ಸಿ)ಗೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’.

ಈ ಕಡೆಯ ಮಾತು ಕಂಡರೆ ಸೋತೆವು ಅಂದುಕೊಳ್ಳಬೇಡಿ, ಅದನ್ನೇ ಹಿಡಿದುಕೊಳ್ಳಿ. ಸದನದಲ್ಲಿ ಹಾಗೆ ಹೇಳಿದರೆ ಅದು ಸರ್ಕಾರದ ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಕಾಲಾವಕಾಶ ಕೇಳಬೇಕು. ಸರ್ಕಾರಿ ಭರವಸೆಗಳ ಸಮಿತಿ ಎಂಬುದೇ ಇದೆ, ಇಂಥ ಭರವಸೆಗಳ ಬೆನ್ನು ಹತ್ತುವ ಕೆಲಸ ಅದರದ್ದು. ಪ್ರಶ್ನೆಯ ಸಂಖ್ಯೆ, ದಿನಾಂಕ, ಭಾಗ ಬರೆದು ಸದಸ್ಯರಿಗೆ ನೆನಪೋಲೆ ಕಳಿಸಿ.

ಬೇರೆ ಬಾಗಿಲುಗಳೂ ಇವೆ. ಸದಸ್ಯರು ಸಾರ್ವಜನಿಕ ವಿಷಯವೊಂದನ್ನು ಸದನದ ಗಮನಕ್ಕೆ ತರುವ ವಿಶೇಷ ಪ್ರಸ್ತಾಪಕ್ಕೆ 250 ಪದದ ಮಿತಿ, ಸದಸ್ಯರಿಗೆ ವಾರಕ್ಕೊಂದು, ಸಚಿವರ ಉತ್ತರ ಪತ್ರದ ಮೂಲಕ ನಂತರ ಬರುತ್ತದೆ. ನಮ್ಮ ಆಮದಿನ ವಿಷಯವನ್ನು ಕಡೆಗೆ ಅಲ್ಲಿ ಸೇರಿಸಿದರು, ವಾದ ಇರುವ ವಿಷಯಕ್ಕೆ ಅದೇ ಸರಿ. ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ ಮೂರು ನಿಮಿಷ, ಮುಗಿದ ಕೂಡಲೇ ಮೈಕ್ ಬಂದ್. ಪತ್ರಿಕೆಗೆ ಸುದ್ದಿ, ಉತ್ತರದ ಖಾತ್ರಿ ಇಲ್ಲ. ಇನ್ನು ಸದಸ್ಯರ ಮೇಲುಸಹಿಯೊಂದಿಗೆ ನಾಗರಿಕರೇ ರಾಜ್ಯಸಭೆಗೆ ಅರ್ಜಿ ಸಲ್ಲಿಸಬಹುದು. ಕನ್ನಡದಲ್ಲಿ ಬರೆದರೆ ಇಂಗ್ಲಿಷ್ ಅಥವಾ ಹಿಂದಿ ಅನುವಾದಕ್ಕೆ ಅರ್ಜಿದಾರರೇ ಸಹಿ ಹಾಕಿ ಜೊತೆಗಿಡಬೇಕು. ಆ ಅರ್ಜಿಗೆ ಬೇರೆ ಯಾವ ದಾಖಲೆಯನ್ನೂ ಲಗತ್ತಿಸುವಂತಿಲ್ಲ, ಹೇಳುವುದೆಲ್ಲ ಅರ್ಜಿಯ ಮೈಯಲ್ಲೇ ಇರಬೇಕು. ಪಹಣಿ, ಪಟ್ಟಿ ಎಲ್ಲ ಪಿನ್ ಮಾಡಿ ಕಳಿಸುವ ನಮ್ಮ ಚಾಳಿಗೆ ಇದು ತದ್ವಿರುದ್ಧ.

ಖರ್ಚು ಹೇಳುವಷ್ಟಿಲ್ಲ. ಆರ್‌ಟಿಐ ಶುಲ್ಕ, ಜೆರಾಕ್ಸ್, ಒಂದೆರಡು ಸ್ಪೀಡ್ ಪೋಸ್ಟ್. ಪ್ರಶ್ನೆ ಹಾಕಿಸುತ್ತೇನೆ, ಇಷ್ಟು ಕೊಡಿ ಎಂದು ಯಾರಾದರೂ ಮಧ್ಯವರ್ತಿ ಬಂದರೆ ಅಲ್ಲೇ ಎದ್ದು ಬನ್ನಿ. 2005ರ ಡಿಸೆಂಬರ್‌ನಲ್ಲಿ ಪ್ರಶ್ನೆಗೆ ಹಣ ಪಡೆದ ಪ್ರಕರಣದಲ್ಲಿ 11 ಸಂಸದರನ್ನು ಉಚ್ಚಾಟಿಸಿದರು, ಅವರಲ್ಲಿ ಒಬ್ಬರು ರಾಜ್ಯಸಭೆಯವರು. ಪ್ರೀತಿಗೆಂದು ಐದು ಕಿಲೋ ತೊಗರಿಬೇಳೆಯ ಚೀಲ ಕಳಿಸುವುದೂ ಬೇಡ. ನಮ್ಮ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿದೆ ಎಂದು ಹೆಮ್ಮೆಯಿಂದ ಕಾಗದದಲ್ಲಿ ಬರೆಯಿರಿ, ಸಾಕು. ಒಂಟಿ ಸದಸ್ಯರಿಗೆ ಬೆನ್ನಿಗೆ ಪಕ್ಷ ಇರುವುದಿಲ್ಲ, ಅವರ ಹೆಸರಿಗೆ ಸಣ್ಣ ಕಲೆಯೂ ತಾಗಬಾರದು.

‘ಅಲ್ರೀ ಸರ, ಇಷ್ಟೆಲ್ಲಾ ಕೇಳಿಸಿದ್ರಿ, ಕ್ವಿಂಟಲ್‌ಗೆ ಎಷ್ಟ್ ಏರಿತ್ರೀ?’ ಎಂದು ಗಂಜಿನಲ್ಲಿ ಹಿರಿಯರೊಬ್ಬರು ಕೇಳಿದರು. ಏರಿಲ್ಲ. ಪ್ರಶ್ನೆಯಿಂದ ದರ ಏರುವುದಿಲ್ಲ. ಆದರೆ ಮಂಜೂರಾತಿಯ ದಿನಾಂಕ ಈಗ ನಮ್ಮ ಕೈಯಲ್ಲಿದೆ. ರಾಜ್ಯದ ಪ್ರಸ್ತಾವ ಹೊರಟ ದಿನಾಂಕಕ್ಕೆ ಬೆಂಗಳೂರಿನ ಕೃಷಿ ಮಾರುಕಟ್ಟೆ ಇಲಾಖೆಗೆ ಆರ್‌ಟಿಐ ಹಾಕಿದ್ದೇವೆ, ಅದೇ ಅಂಶವನ್ನು ವಿಧಾನ ಪರಿಷತ್ತಿನಲ್ಲಿ ಕೇಳಿಸಲು ಈಶಾನ್ಯ ಪದವೀಧರ ಕ್ಷೇತ್ರದ ಸದಸ್ಯರಿಗೂ ಪತ್ರ ಬರೆದಿದ್ದೇವೆ. ಉತ್ತರದ ಕೋಷ್ಟಕವನ್ನು ಕನ್ನಡಕ್ಕೆ ಇಳಿಸಿ ಒಂದು ಹಾಳೆ ಮಾಡಿದ್ದು, ತಾಲೂಕಿನ ರೈತ ಸಂಪರ್ಕ ಕೇಂದ್ರಗಳ ಮುಂದೆ ಅಂಟಿಸುತ್ತಿದ್ದೇವೆ. ಬೇಕಾದವರು ಜೆರಾಕ್ಸ್ ಮಾಡಿಸಿಕೊಳ್ಳಬಹುದು. ರಾಶಿಗೆ ಮೊದಲು ನಡೆಯುವ ಜಿಲ್ಲಾ ಮಟ್ಟದ ಖರೀದಿ ಸಭೆಗೆ ಹೋಗುವವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.